ಕಾಳಜಿ ಕೇಂದ್ರದ ವಹಿ

ನನ್ನ ಬಳಿ ಇನ್ನೂರು ಪುಟದ ಒಂದು ಉದ್ದ ನೋಟ್‌ಬುಕ್ ಇದೆ. ಅದರ ರಟ್ಟಿನ ಒಂದು ಮೂಲೆ ನೀರು ಕುಡಿದು ಉಬ್ಬಿದೆ. ಮೊದಲ ಹಾಳೆಗಳಲ್ಲಿ ಶಾಯಿ ಹರಡಿ ಕೆಲವು ಹೆಸರುಗಳು ಈಗ ಓದಲು ಬರುವುದಿಲ್ಲ. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟು ಕಾಳಿ ನದಿಯ ದಂಡೆಯ ಊರುಗಳಿಗೆ ನೆರೆ ನುಗ್ಗಿದಾಗ ಕಾರವಾರ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಕಾಳಜಿ ಕೇಂದ್ರ ತೆರೆದಿದ್ದರು. ಅಲ್ಲಿ ಕುಳಿತು ನಾನು ಬರೆದ ವಹಿ ಅದು. ಯಾವ ಮನೆಯವರು, ಎಷ್ಟು ಮಂದಿ, ಹಸುಗೂಸು ಇದೆಯೇ, ಸಕ್ಕರೆ ಕಾಯಿಲೆಯ ಗುಳಿಗೆ ಬೇಕಾದವರು ಯಾರು, ಹೊದಿಕೆ ಎಷ್ಟು ಬಂತು, ಎಷ್ಟು ಕೊಟ್ಟೆವು, ಅಕ್ಕಿ ಎಷ್ಟು ಉಳಿಯಿತು, ಇಷ್ಟೇ ಅದರಲ್ಲಿರುವುದು. ಹದಿನಾಲ್ಕು ವರ್ಷ ಮನೆಯಲ್ಲಿದ್ದ ನನಗೆ ಸಂಬಳದ ಕೆಲಸವೊಂದು ಸಿಕ್ಕಿದ್ದು ಈ ವಹಿಯಿಂದ ಎಂದರೆ ನನ್ನ ಮನೆಯವರೇ ಮೊದಲು ನಕ್ಕಿದ್ದರು. ಹೇಗೆ ಸಿಕ್ಕಿತು ಎಂಬುದನ್ನು ಇಷ್ಟು ವರ್ಷಗಳ ನಂತರ ಸ್ವಲ್ಪ ನಿಧಾನವಾಗಿ ಯೋಚಿಸಿ ಬರೆಯಬೇಕೆನಿಸಿದೆ. ಕೆಲಸವಿಲ್ಲದೆ ಕುಳಿತಿರುವ ಹುಡುಗ ಹುಡುಗಿಯರಿಗೆ ಹಿರಿಯರು ಸುಲಭವಾಗಿ ಕೊಡುವ ಉಪದೇಶಗಳಲ್ಲಿ ‘ಸುಮ್ಮನೆ ಕೂರುವ ಬದಲು ಏನಾದರೂ ಸೇವೆ ಮಾಡು, ಒಳ್ಳೆಯದಾಗುತ್ತದೆ’ ಎಂಬುದೂ ಒಂದು. ಒಳ್ಳೆಯದು ಆಗುವುದು ಹೌದು. ಆದರೆ ಅದು ಯಾವ ದಾರಿಯಿಂದ ಆಗುತ್ತದೆ, ಯಾರಿಗೆ ಆಗುವುದಿಲ್ಲ ಎಂಬುದನ್ನು ಆ ಉಪದೇಶ ಹೇಳುವುದಿಲ್ಲ.

ನನ್ನ ತವರು ಶಿರಸಿ ಸೀಮೆಯ ಒಂದು ಅಡಕೆ ತೋಟದ ಊರು. ಬಿ.ಕಾಂ. ಮುಗಿಸಿ ಎರಡು ವರ್ಷ ಒಬ್ಬ ಆಡಿಟರ್ ಬಳಿ ಕೆಲಸ ಕಲಿತೆ. ಮದುವೆಯಾಗಿ ಕಾರವಾರಕ್ಕೆ ಬಂದೆ. ಮಕ್ಕಳು, ಅತ್ತೆಯ ಕಾಯಿಲೆ ಎಂದು ವರ್ಷಗಳು ಉರುಳಿದವು. ಕಾರವಾರದಲ್ಲಿ ‘ನೌಕರಿ’ ಎಂದರೆ ಜನರ ಮನಸ್ಸಿಗೆ ಬರುವುದು ಕೈಗಾ ಅಣುಸ್ಥಾವರ, ನೌಕಾನೆಲೆ, ಜಿಲ್ಲಾ ಕೇಂದ್ರದ ಸರ್ಕಾರಿ ಕಚೇರಿಗಳು. ಇವು ಯಾವುವೂ ದಕ್ಕದಿದ್ದರೆ ಗಡಿ ದಾಟಿ ಗೋವಾ. ಗೋವಾಕ್ಕೆ ದಿನವೂ ಹೋಗಿ ಬರುವ ಹುಡುಗರು ನಮ್ಮ ಓಣಿಯಲ್ಲೇ ಹತ್ತಾರು ಮಂದಿ ಇದ್ದಾರೆ. ನಲವತ್ತರ ಅಂಚಿನಲ್ಲಿದ್ದ, ಸಂಜೆ ಆರಕ್ಕೆ ಮನೆಯಲ್ಲಿರಲೇಬೇಕಾದ ಹೆಂಗಸಿಗೆ ಆ ದಾರಿಯೂ ಇರಲಿಲ್ಲ. ಸಣ್ಣ ಪುಟ್ಟ ಅಂಗಡಿ, ಏಜೆನ್ಸಿ, ಖಾಸಗಿ ಶಾಲೆ ಎಂದು ಅರ್ಜಿ ಹಾಕಿದೆ. ಎಲ್ಲ ಕಡೆಯೂ ಒಂದೇ ಪ್ರಶ್ನೆ: ‘ಇಷ್ಟು ವರ್ಷ ಏನು ಮಾಡುತ್ತಿದ್ದಿರಿ?’ ಮನೆಯ ಖರ್ಚು, ಆಸ್ಪತ್ರೆಯ ಬಿಲ್ಲು, ಎರಡು ಚೀಟಿ, ಮಕ್ಕಳ ಫೀಸು ಎಲ್ಲವನ್ನೂ ಒಂದು ರೂಪಾಯಿ ತಪ್ಪದಂತೆ ತೂಗಿಸಿದವಳಿಗೆ ಆ ಪ್ರಶ್ನೆಯ ಮುಂದೆ ಬಾಯಿ ಕಟ್ಟುತ್ತಿತ್ತು. ಮಾಡಿದ್ದಕ್ಕೆ ಸಾಕ್ಷಿ ಯಾರೂ ಇರಲಿಲ್ಲ. ಇದ್ದವರು ಮನೆಯವರು, ಮನೆಯವರ ಸಾಕ್ಷಿ ಎಲ್ಲಿಯೂ ನಡೆಯುವುದಿಲ್ಲ.

ನೆರೆ ಬಂದ ದಿನ ನಾನು ಶಾಲೆಗೆ ಹೋದದ್ದು ಯಾವ ದೊಡ್ಡ ಯೋಚನೆಯಿಂದಲೂ ಅಲ್ಲ. ಅತ್ತೆಯ ತಂಗಿಯ ಮನೆ ಆ ಊರಿನಲ್ಲಿತ್ತು. ಅವರನ್ನು ನೋಡಲು ಹೋದವಳು ವರಾಂಡದಲ್ಲಿ ನಡೆಯುತ್ತಿದ್ದ ಗೊಂದಲ ಕಂಡು ಅಲ್ಲೇ ನಿಂತೆ. ಸಾಮಾನು ಬರುತ್ತಿತ್ತು, ಹೋಗುತ್ತಿತ್ತು. ಬಂದದ್ದು ಎಷ್ಟು, ಹೋದದ್ದು ಯಾರಿಗೆ ಎಂದು ಯಾರೂ ಬರೆಯುತ್ತಿರಲಿಲ್ಲ. ಘಟ್ಟದ ಮೇಲಿನಿಂದ ಬಂದ ಲಾರಿಯಲ್ಲಿ ಮೂಟೆಗಟ್ಟಲೆ ಬೆಳ್ತಿಗೆ ಅಕ್ಕಿ, ಇಲ್ಲಿಯವರಿಗೆ ಬೇಕಾದದ್ದು ಗಂಜಿಗೆ ಕುಚ್ಚಲಕ್ಕಿ. ಹಳೆಯ ಸೀರೆಗಳು ರಾಶಿ ಬಿದ್ದಿದ್ದವು, ಒಣಗಿದ ಒಳಬಟ್ಟೆ ಒಂದೂ ಇರಲಿಲ್ಲ. ಶಾಲೆಯ ಅಕ್ಕೋರಿಂದ ಒಂದು ನೋಟ್‌ಬುಕ್ ಕೇಳಿ ಪಡೆದು ಗೆರೆ ಎಳೆಯಲು ಕುಳಿತೆ. ಮೂರು ವಾರ ಹಾಗೆಯೇ ಕುಳಿತೆ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಅಲ್ಲಿ ಜಗಳವೆದ್ದಿತು. ಹೊದಿಕೆಗಳೆಲ್ಲ ಒಂದೇ ಕೇರಿಗೆ ಹೋಗುತ್ತಿವೆ ಎಂದು ಒಬ್ಬರು, ಹೊಳೆಯ ಆಚೆ ದಡದವರಿಗೆ ಏನೂ ಮುಟ್ಟಿಲ್ಲವೆಂದು ಇನ್ನೊಬ್ಬರು. ಇಂಥ ಹೊತ್ತಿನಲ್ಲಿ ದೊಡ್ಡ ದನಿಯವರು ಗೆಲ್ಲುವುದು ವಾಡಿಕೆ. ನನಗೆ ದೊಡ್ಡ ದನಿ ಇಲ್ಲ. ವಹಿ ತೆಗೆದು ಮೊದಲ ಹೆಸರಿನಿಂದ ಓದತೊಡಗಿದೆ: ಇಂಥ ಮನೆ, ಐದು ಜನ, ಮೂರು ಹೊದಿಕೆ, ಇಂಥ ಮನೆ, ಎಂಟು ಜನ, ನಾಲ್ಕು ಹೊದಿಕೆ. ಓದುತ್ತ ಹೋದಂತೆ ಒಂದು ವಿಷಯ ನನಗೇ ಕಂಡಿತು. ಆಚೆ ದಡದವರ ದೂರು ನಿಜವಾಗಿತ್ತು. ದೋಣಿ ತಡವಾಗಿ ಬಂದದ್ದರಿಂದ ಅವರ ಪಾಲಿಗೆ ಉಳಿದದ್ದು ಕಡಿಮೆ. ಅದನ್ನೂ ಗಟ್ಟಿಯಾಗಿಯೇ ಓದಿದೆ. ಮರುದಿನ ಬಂದ ಹೊದಿಕೆಗಳು ಮೊದಲು ಅವರಿಗೆ ಹೋದವು. ಜಗಳ ತಣ್ಣಗಾದದ್ದು ಲೆಕ್ಕ ಸರಿ ಇದ್ದುದರಿಂದಲ್ಲ, ತಪ್ಪೂ ಅದೇ ಲೆಕ್ಕದಲ್ಲಿ ಕಂಡದ್ದರಿಂದ ಎಂದು ನನಗೆ ಈಗಲೂ ಅನಿಸುತ್ತದೆ.

ಆ ಹೊತ್ತಿನಲ್ಲಿ ವರಾಂಡದ ಕಂಬಕ್ಕೆ ಒರಗಿ ನಿಂತಿದ್ದವರಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರಿದ್ದರು. ಅವರ ಹೆಸರೂ ನನಗೆ ಆಗ ಗೊತ್ತಿರಲಿಲ್ಲ. ಕೇಂದ್ರ ಮುಚ್ಚಿದ ಮೇಲೆ ಅವರನ್ನು ಒಮ್ಮೆ ಮೀನು ಮಾರುಕಟ್ಟೆಯ ಬಳಿ ಕಂಡೆ, ಇನ್ನೊಮ್ಮೆ ಔಷಧದ ಅಂಗಡಿಯಲ್ಲಿ. ಐದು ತಿಂಗಳ ನಂತರ ಒಂದು ಪತ್ತಿನ ಸಹಕಾರಿ ಸಂಘದವರು ಫೋನ್ ಮಾಡಿ, ಲೆಕ್ಕ ಬರೆಯುವವರು ಬೇಕಾಗಿದ್ದಾರೆ, ಬಂದು ಕಾಣುತ್ತೀರಾ ಎಂದು ಕೇಳಿದರು. ಅಲ್ಲಿಯ ಅಧ್ಯಕ್ಷರು ಕೇಳಿದ ಮೊದಲ ಪ್ರಶ್ನೆ, ‘ಶಾಲೆಯಲ್ಲಿ ಹೊದಿಕೆ ಲೆಕ್ಕ ಓದಿದವರು ನೀವೇ ಅಲ್ಲವೇ?’ ಎಂಬುದು. ಎರಡನೆಯದು, ಯಾವಾಗಿನಿಂದ ಬರಬಹುದು ಎಂಬುದು. ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು ಅವರು ಕೇಳಲೇ ಇಲ್ಲ. ನಾನಾಗಿ ಹೇಳಲು ಹೊರಟೆ. ಅವರು ರಜೆ, ಸಂಬಳದ ಮಾತಿಗೆ ಹೋಗಿಬಿಟ್ಟಿದ್ದರು.

ಈ ಕೆಲಸವನ್ನು ನನಗೆ ಕೊಡಿಸಿದ ಆ ಹಿರಿಯರು ನನ್ನ ಹತ್ತಿರದವರಲ್ಲ ಎಂಬುದು ಬಹಳ ದಿನ ನನ್ನನ್ನು ಕಾಡಿತು. ಭಾವನಿಗೆ ಹೇಳಿದ್ದೆ, ಚಿಕ್ಕಪ್ಪನಿಗೆ ಹೇಳಿದ್ದೆ, ಕಾಲೇಜಿನ ಗೆಳತಿಯರಿಗೆಲ್ಲ ಹೇಳಿದ್ದೆ. ಅವರಿಗೆ ಮನಸ್ಸಿರಲಿಲ್ಲವೆಂದಲ್ಲ, ನನಗೆ ಗೊತ್ತಿದ್ದ ನಾಲ್ಕು ಕಡೆಗಳೇ ಅವರಿಗೂ ಗೊತ್ತಿದ್ದವು. ಈ ಗೊಂದಲವನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಐವತ್ತು ವರ್ಷಗಳ ಹಿಂದೆಯೇ ಬಿಡಿಸಿಟ್ಟಿದ್ದಾರೆಂದು ಆಮೇಲೆ ಓದಿದೆ. ಬೋಸ್ಟನ್ ಪಕ್ಕದ ನ್ಯೂಟನ್ ಎಂಬ ಊರಿನಲ್ಲಿ, ಆಗತಾನೇ ಕೆಲಸ ಬದಲಿಸಿದ ನೌಕರರನ್ನು ಅವರು ವಿಚಾರಿಸಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಲಸದ ಸುದ್ದಿ ಬಂದದ್ದು ಜಾಹೀರಾತಿನಿಂದಲ್ಲ, ಪರಿಚಯದವರಿಂದ. ಹಾಗೆ ಸುದ್ದಿ ಕೊಟ್ಟವರನ್ನು ಆ ದಿನಗಳಲ್ಲಿ ಎಷ್ಟು ಬಾರಿ ಕಾಣುತ್ತಿದ್ದಿರಿ ಎಂದು ಕೇಳಿದಾಗ, ವಾರಕ್ಕೆ ಎರಡು ಬಾರಿಯಾದರೂ ಕಾಣುತ್ತಿದ್ದೆವು ಎಂದವರು ಶೇ 17ರಷ್ಟು ಮಾತ್ರ. ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದೆವು ಎಂದವರು ಶೇ 56ರಷ್ಟು. ವರ್ಷಕ್ಕೆ ಒಮ್ಮೆಯೋ ಅದಕ್ಕಿಂತ ಕಡಿಮೆಯೋ ಎಂದವರು ಶೇ 28ರ ಹತ್ತಿರ. ಆಪ್ತರ ನಂಟು ಗಟ್ಟಿ, ಆದರೆ ಆಪ್ತರೆಲ್ಲ ಒಂದೇ ಬಾವಿಯ ನೀರು ಸೇದುವವರು. ಹೊಸ ಸುದ್ದಿ ಬರುವುದು ಅಷ್ಟಾಗಿ ಪರಿಚಯವಿಲ್ಲದವರ ಕಡೆಯಿಂದ. ಇದು ಹಳೆಯ ಕಾಲದ ಮಾತೆನ್ನುವಂತಿಲ್ಲ. 2022ರಲ್ಲಿ ಲಿಂಕ್ಡ್‌ಇನ್ ಜಾಲದ ಸುಮಾರು 2 ಕೋಟಿ ಬಳಕೆದಾರರ ಐದು ವರ್ಷಗಳ ಮಾಹಿತಿಯನ್ನು ಇಟ್ಟುಕೊಂಡು ನಡೆಸಿದ ಅಧ್ಯಯನವೂ, ತೀರಾ ಹತ್ತಿರದವರಿಗಿಂತ ತುಸು ದೂರದ ಪರಿಚಯದವರೇ ಕೆಲಸ ಸಿಗಲು ಹೆಚ್ಚು ನೆರವಾಗುತ್ತಾರೆಂದು ಕಂಡುಕೊಂಡಿತು.

ಇದನ್ನು ಓದಿದಾಗ ನನಗೆ ನೆನಪಾದದ್ದು ತವರಿನ ಮುರಿಯಾಳು. ನಮ್ಮ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ: ಇಂದು ನೀನು ನನ್ನ ತೋಟಕ್ಕೆ, ನಾಳೆ ನಾನು ನಿನ್ನ ಗದ್ದೆಗೆ, ಕೂಲಿ ಇಲ್ಲ, ಆಳಿಗೆ ಆಳು. ಕೊನೆಕೊಯ್ಲಿನ ಕಾಲದಲ್ಲಿ ರಾತ್ರಿ ಊಟ ಮುಗಿಸಿ ಅಕ್ಕಪಕ್ಕದ ಮನೆಯವರು ಕತ್ತಿ ಹಿಡಿದು ಅಡಕೆ ಸುಲಿಯಲು ಬರುತ್ತಿದ್ದರು. ಅಡಕೆಯ ರಾಶಿಯ ಸುತ್ತ ಕುಳಿತು ಆಡುವ ಮಾತಿನಲ್ಲಿ ಯಾವ ಮನೆಯ ಹುಡುಗನ ಕೈ ಚುರುಕು, ಯಾವನು ಕಣ್ಣು ತಪ್ಪಿಸಿ ಎದ್ದು ಹೋಗುವವನು, ಯಾರ ಬಾಯಿ ಮಾತ್ರ ಸುಲಿಯುತ್ತದೆ ಎಂಬುದೆಲ್ಲ ನಿಶ್ಚಯವಾಗಿಬಿಡುತ್ತಿತ್ತು. ವಖಾರಿಗೆ ಒಬ್ಬ ಗುಮಾಸ್ತ ಬೇಕೆಂದು ಯಾರಾದರೂ ಅಪ್ಪನನ್ನು ಕೇಳಿದರೆ, ಅವನ ಉತ್ತರ ಆ ರಾತ್ರಿಗಳಿಂದ ಬರುತ್ತಿತ್ತು. ‘ಆ ಮಾಣಿ ಆಗ್ತು, ಕಡೇವರೆಗೂ ಕೂರ್ತ’ ಎಂದರೆ ಅದು ಎಲ್ಲ ಅಂಕಪಟ್ಟಿಗಿಂತ ಮೇಲಿನ ಮಾತು. ಶಿರಸಿಯ ತೋಟಗಾರರು 1923ರಲ್ಲಿ ಮಾರಾಟ ಸಹಕಾರಿ ಸಂಘ ಕಟ್ಟಿಕೊಂಡದ್ದರ ಹಿಂದೆಯೂ ಇದೇ ಕೂಡಿ ದುಡಿಯುವ ಅಭ್ಯಾಸವೇ ಇದ್ದಿರಬೇಕೆಂದು ನನ್ನ ಎಣಿಕೆ.

ಆದರೆ ಮುರಿಯಾಳನ್ನು ಹೊಗಳುವವರು ಒಂದು ಮಾತು ಬಿಡುತ್ತಾರೆ. ಆ ಅಡಕೆ ರಾಶಿಯ ಸುತ್ತ ಕುಳಿತವರೆಲ್ಲ ಒಂದೇ ಜಾತಿಯವರು, ಒಂದೇ ಕೇರಿಯವರು, ಹೆಚ್ಚಿನವರು ನೆಂಟರು. ಅಲ್ಲಿ ಕೈ ಚುರುಕಿದ್ದವನಿಗೆ ಸಿಗುತ್ತಿದ್ದ ಹೆಸರು ಆ ಸುತ್ತಿನಿಂದ ಹೊರಗೆ ಹೋಗುತ್ತಿರಲಿಲ್ಲ. ಹೊರಗಿನ ಚುರುಕು ಕೈಯವನು ಆ ಸುತ್ತಿನೊಳಗೆ ಬರುತ್ತಲೂ ಇರಲಿಲ್ಲ. ‘ನಮ್ಮ ಹುಡುಗ’ ಎಂಬ ಶಿಫಾರಸಿಗೂ ‘ಕೆಲಸ ಮಾಡಿದ್ದನ್ನು ಕಂಡಿದ್ದೇನೆ’ ಎಂಬ ಶಿಫಾರಸಿಗೂ ಇರುವ ಅಂತರ ನನಗೆ ಗೊತ್ತಾದದ್ದು ಕಾಳಜಿ ಕೇಂದ್ರದಲ್ಲಿ. ಅಲ್ಲಿ ಮೀನುಗಾರ ಹರಿಕಂತ್ರರಿದ್ದರು, ಹಾಲಕ್ಕಿ ಒಕ್ಕಲಿಗರಿದ್ದರು, ಕೊಂಕಣಿಯ ಹೊರತು ಬೇರೆ ಭಾಷೆ ನಾಲಿಗೆಗೆ ಹೊರಳದ ಅಜ್ಜಿಯರಿದ್ದರು, ತಹಶೀಲ್ದಾರ್ ಕಚೇರಿಯ ಗುಮಾಸ್ತರು, ನೌಕಾನೆಲೆಯಲ್ಲಿದ್ದು ನಿವೃತ್ತರಾದ ಒಬ್ಬರು, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್. ನೆರೆ ಇಲ್ಲದಿದ್ದರೆ ಇವರಲ್ಲಿ ಯಾರ ಜೊತೆಗೂ ಐದು ನಿಮಿಷ ಕೂತು ಮಾತನಾಡುವ ಪ್ರಸಂಗ ನನಗೆ ಬರುತ್ತಿರಲಿಲ್ಲ. ಸ್ವಯಂಸೇವೆ ಕೆಲಸ ಹುಡುಕುವವರಿಗೆ ಕೊಡುವ ದೊಡ್ಡ ಲಾಭವೆಂದರೆ, ನನ್ನ ಮಟ್ಟಿಗೆ, ಇದೇ: ನಮ್ಮವರಲ್ಲದವರ ಕಣ್ಣೆದುರು, ನಮ್ಮವರಲ್ಲದವರಿಗಾಗಿ ಕೆಲಸ ಮಾಡುವ ಅವಕಾಶ. ಸ್ವಂತ ಜಾತಿಯ ಸಂಘದಲ್ಲಿ ಹತ್ತು ವರ್ಷ ಪಂಕ್ತಿಗೆ ಬಡಿಸಿದರೆ ಪುಣ್ಯ ಬರಬಹುದು. ಹೊಸ ಬಾಗಿಲು ತೆರೆಯುವುದು ಕಡಿಮೆ.

ಕಾರವಾರದ ದಂಡೆಯಲ್ಲಿ ರಂಪಣಿ ಬಲೆ ಎಳೆಯುವುದನ್ನು ನೋಡಿದವರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾದೀತು. ಬಲೆಯ ಎರಡೂ ತುದಿಯ ಹಗ್ಗವನ್ನು ದಂಡೆಯಿಂದ ಸಾಲಾಗಿ ನಿಂತು ಎಳೆಯಬೇಕು. ಕೈಗಳು ಎಷ್ಟಿದ್ದರೂ ಸಾಲವು. ದಾರಿಯಲ್ಲಿ ಹೋಗುವವನು ಹಗ್ಗಕ್ಕೆ ಕೈ ಹಾಕಿದರೂ ಯಾರೂ ಬೇಡವೆನ್ನುವುದಿಲ್ಲ. ಬಲೆ ಮೇಲೆ ಬಂದ ಮೇಲೆ ಅವನ ಕೈಗೂ ನಾಲ್ಕು ಮೀನು ಬೀಳುತ್ತವೆ. ಮೀನಿಗಾಗಿಯೇ ಬಂದನೇ, ಎಳೆಯುವ ಖುಷಿಗಾಗಿ ಬಂದನೇ ಎಂದು ಕೇಳುವವರಿಲ್ಲ. ಹಗ್ಗ ಎಳೆದನೋ ಇಲ್ಲವೋ ಎಂಬುದಷ್ಟೇ ಲೆಕ್ಕ. ಕೆಲಸದ ಆಸೆ ಮನಸ್ಸಿನಲ್ಲಿಟ್ಟುಕೊಂಡು ಸೇವೆಗೆ ಹೋಗುವುದು ಅಪ್ಪಟ ಸ್ವಾರ್ಥವಲ್ಲವೇ ಎಂದು ನನ್ನ ಮಗಳು ಒಮ್ಮೆ ಕೇಳಿದಾಗ ನಾನು ಕೊಟ್ಟ ಉತ್ತರ ರಂಪಣಿಯದ್ದು. ಅವಳಿಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಇರಲಿ.

ಅಂಕಿ ಅಂಶ ಬೇಕೆನ್ನುವವರಿಗೆ ಅಮೆರಿಕದ್ದೇ ಇನ್ನೊಂದು ಲೆಕ್ಕವಿದೆ. ಅಲ್ಲಿಯ ರಾಷ್ಟ್ರೀಯ ಸೇವಾ ನಿಗಮವು 2002ರಿಂದ 2012ರವರೆಗಿನ ಗಣತಿ ಮಾಹಿತಿಯಿಂದ 70,000ಕ್ಕೂ ಹೆಚ್ಚು ನಿರುದ್ಯೋಗಿಗಳನ್ನು ಆರಿಸಿ, ಸ್ವಯಂಸೇವೆ ಮಾಡಿದವರನ್ನೂ ಮಾಡದವರನ್ನೂ ಹೋಲಿಸಿ 2013ರಲ್ಲಿ ವರದಿ ಪ್ರಕಟಿಸಿತು. ಮಾಡಿದವರಿಗೆ ಮುಂದಿನ ವರ್ಷದೊಳಗೆ ಕೆಲಸ ಸಿಗುವ ಸಾಧ್ಯತೆ ಶೇ 27ರಷ್ಟು ಹೆಚ್ಚಿತ್ತು. ನನ್ನ ಗಮನ ನಿಂತದ್ದು ಅದರ ಒಳಗಿನ ಎರಡು ಅಂಕಿಗಳ ಮೇಲೆ: ಪ್ರೌಢಶಾಲೆ ಮುಗಿಸದವರಲ್ಲಿ ಈ ಅನುಕೂಲ ಶೇ 51, ಹಳ್ಳಿಗಾಡಿನವರಲ್ಲಿ ಶೇ 55. ಸೇವೆಗೆ ಮುಂದಾಗುವವರು ಮೊದಲೇ ಚುರುಕಿನವರಾಗಿರುತ್ತಾರೆ, ಹಾಗಾಗಿ ಕೆಲಸವೂ ಸಿಗುತ್ತದೆ ಎಂದು ವಾದಿಸಬಹುದು. ಆ ವಾದದಲ್ಲಿ ಹುರುಳಿದೆ. ಆದರೂ ಓದು ಕಡಿಮೆಯಿದ್ದವರಿಗೇ, ಸಣ್ಣ ಊರಿನವರಿಗೇ ಲಾಭ ಹೆಚ್ಚೆಂಬುದು ನನಗೆ ಅಚ್ಚರಿ ತರಲಿಲ್ಲ. ಪದವಿ ಇದ್ದವನ ಪರವಾಗಿ ಪದವಿ ಮಾತನಾಡುತ್ತದೆ. ಇಲ್ಲದವನ ಪರವಾಗಿ ಯಾರಾದರೂ ಮನುಷ್ಯರೇ ಮಾತನಾಡಬೇಕು. ಅಯೋವಾದ ಹಳ್ಳಿಗೂ ಅಂಕೋಲೆಯ ಹಳ್ಳಿಗೂ ಹೋಲಿಕೆ ಇಲ್ಲವಾದರೂ ಈ ಒಂದು ವಿಷಯದಲ್ಲಿ ಎರಡೂ ಹತ್ತಿರದವೆಂದು ತೋರುತ್ತದೆ.

ಈಗ ನಾನು ಮೇಜಿನ ಈಚೆ ಬದಿಯಲ್ಲಿಯೂ ಕೂರುತ್ತೇನೆ. ನಮ್ಮ ಸಂಘಕ್ಕೆ ಪಿಗ್ಮಿ (ದಿನದಿನದ ಸಣ್ಣ ಉಳಿತಾಯ) ಸಂಗ್ರಹಕ್ಕೋ, ಗುಮಾಸ್ತರ ಜಾಗಕ್ಕೋ ಹುಡುಗರನ್ನು ಕರೆದಾಗ ಪ್ರಶ್ನೆ ಕೇಳುವ ಮೂವರಲ್ಲಿ ನಾನೊಬ್ಬಳು. ಅನೇಕರ ಕಡತದಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಪ್ರಮಾಣಪತ್ರವಿರುತ್ತದೆ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ವಿದ್ಯಾರ್ಥಿ ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಮಾಡಬೇಕು, ಏಳು ದಿನಗಳ ವಿಶೇಷ ಶಿಬಿರಕ್ಕೂ ಹೋಗಬೇಕು. ನಾನೂ ಶಿರಸಿಯ ಕಾಲೇಜಿನಿಂದ ಹೋಗಿದ್ದೆ; ರಸ್ತೆ ಬದಿಯ ಗಿಡಗಂಟಿ ಕಡಿದದ್ದಕ್ಕಿಂತ ಐವತ್ತು ಜನರ ಸಾರಿಗೆ ಉಪ್ಪು ಎಷ್ಟು ಎಂದು ಕಲಿತದ್ದು ನೆನಪಿದೆ. ಪ್ರಮಾಣಪತ್ರ ಎಲ್ಲರದ್ದೂ ಒಂದೇ ತರಹ ಇರುವುದರಿಂದ ಅದರಿಂದ ಏನೂ ತಿಳಿಯುವುದಿಲ್ಲ. ಅದಕ್ಕೇ ನಾನು ಕೇಳುವುದು, ಶಿಬಿರದಲ್ಲಿ ಕೆಟ್ಟುಹೋದದ್ದು ಏನು ಎಂದು. ಹೆಚ್ಚಿನವರು ‘ಏನೂ ಇಲ್ಲ ಮೇಡಂ, ಎಲ್ಲ ಚೆನ್ನಾಗಿ ಆಯಿತು’ ಎನ್ನುತ್ತಾರೆ. ಒಬ್ಬ ಹುಡುಗ ಮಾತ್ರ ಸ್ವಲ್ಪ ಯೋಚಿಸಿ, ತಾವು ಶೌಚಾಲಯದ ಗುಂಡಿಯನ್ನು ಬಾವಿಯ ಮೇಲ್ಬದಿಗೆ ತೋಡಿದ್ದಾಗಿಯೂ, ಊರಿನ ಮುದುಕರೊಬ್ಬರು ಬಂದು ಬೈದ ಮೇಲೆ ಅದನ್ನು ಮುಚ್ಚಿ ಕೆಳಬದಿಗೆ ಇನ್ನೊಂದು ತೋಡಿದ್ದಾಗಿಯೂ, ಎರಡು ದಿನ ಹಾಳಾದದ್ದಕ್ಕೆ ಶಿಬಿರಾಧಿಕಾರಿಗೆ ತಾನೇ ಹೋಗಿ ಹೇಳಿದ್ದಾಗಿಯೂ ಹೇಳಿದ. ಅವನ ಅಂಕ ಎಲ್ಲರಿಗಿಂತ ಕಡಿಮೆ. ಹಣ ಮುಟ್ಟುವ ಕೆಲಸಕ್ಕೆ, ತಪ್ಪಾದಾಗ ತಾನಾಗಿ ಬಂದು ಹೇಳುವವನೇ ಬೇಕೆಂದು ನಾನು ಪಟ್ಟು ಹಿಡಿದೆ. ಮೂರು ವರ್ಷವಾಯಿತು, ಅವನ ಪಿಗ್ಮಿ ಲೆಕ್ಕ ಒಂದು ದಿನವೂ ತಡವಾಗಿಲ್ಲ.

ಕೌಶಲ ಕಲಿಯುವ ದಾರಿಯಾಗಿಯೂ ಸೇವೆ ಕೆಲಸ ಮಾಡುತ್ತದೆ, ಅದನ್ನು ಅಲ್ಲಗಳೆಯಲಾರೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುವಾಗ ನನ್ನ ಚಿಕ್ಕಪ್ಪನ ಮಗ ತಪ್ಪಿಸಿಕೊಂಡ ಮಕ್ಕಳ ಹೆಸರನ್ನು ಮೈಕಿನಲ್ಲಿ ಕೂಗುವ ಕೆಲಸಕ್ಕೆ ನಿಲ್ಲುತ್ತಿದ್ದ. ಅಳುವ ಮಗುವಿನಿಂದ ಹೆಸರು ಕೇಳಿ, ಗದ್ದಲದ ನಡುವೆ ಸ್ಪಷ್ಟವಾಗಿ, ಗಾಬರಿಯಾಗದಂತೆ ಹೇಳುವುದು ಸುಲಭವಲ್ಲ. ಎರಡು ಜಾತ್ರೆ ಕಳೆಯುವಷ್ಟರಲ್ಲಿ ಮೈಕಿನ ಅಂಗಡಿಯವನೇ ಅವನನ್ನು ಕರೆದುಕೊಂಡ. ಇಂದು ಮದುವೆ, ಸನ್ಮಾನ, ಕ್ರೀಡಾಕೂಟಗಳ ನಿರೂಪಣೆಯಿಂದಲೇ ಅವನ ಜೀವನ ನಡೆಯುತ್ತಿದೆ. ಇಂಥ ಉದಾಹರಣೆಗಳು ಎಲ್ಲ ಊರಿನಲ್ಲೂ ಇರುತ್ತವೆ, ಹೆಚ್ಚು ಹೇಳುವುದಿಲ್ಲ.

ಹೇಳಬೇಕಾದದ್ದು ಇದರ ಇನ್ನೊಂದು ಮುಖ. ಕಾಳಜಿ ಕೇಂದ್ರಕ್ಕೂ ಮೊದಲು ನಾನು ಒಂದು ಸಂಸ್ಥೆಯಲ್ಲಿ ಎಂಟು ತಿಂಗಳು ಸಂಬಳವಿಲ್ಲದೆ ದುಡಿದಿದ್ದೆ. ‘ಸದ್ಯಕ್ಕೆ ಸೇವೆ ಎಂದು ಬನ್ನಿ, ಜಾಗ ಖಾಲಿಯಾದ ಕೂಡಲೇ ನಿಮಗೇ’ ಎಂದಿದ್ದರು. ದಿನಕ್ಕೆ ಆರು ಗಂಟೆ, ಫೀಸಿನ ರಸೀದಿ, ಬಾಕಿ ಪಟ್ಟಿ, ಬ್ಯಾಂಕಿಗೆ ಓಡಾಟ. ಜಾಗ ಖಾಲಿಯಾಯಿತು, ಆಡಳಿತ ಮಂಡಳಿಯ ಒಬ್ಬರ ಸಂಬಂಧಿಗೆ ಹೋಯಿತು. ಅವಳಿಗೆ ಕೆಲಸ ಕಲಿಸಿಕೊಡಿ ಎಂದು ನನ್ನನ್ನೇ ಕೇಳಿದಾಗ ಚೀಲ ಎತ್ತಿಕೊಂಡು ಮನೆಗೆ ಬಂದೆ. ಅದನ್ನು ನಾನು ಸೇವೆ ಎಂದು ಈಗ ಕರೆಯುವುದಿಲ್ಲ. ಸಂಬಳ ಕೊಟ್ಟು ಮಾಡಿಸಬೇಕಾದ, ಲಾಭ ತರುವ ನಿತ್ಯದ ಕೆಲಸವನ್ನು ಸಂಬಳವಿಲ್ಲದೆ ಮಾಡಿಸಿಕೊಳ್ಳುವುದು ಬಿಟ್ಟಿ ಚಾಕರಿ. ನೆರೆಗೆ ಸಿಕ್ಕ ಶಾಲೆಯ ವರಾಂಡದಲ್ಲಿ ಯಾರೂ ಲಾಭ ಮಾಡಿಕೊಳ್ಳುತ್ತಿರಲಿಲ್ಲ. ಕೆಲಸ ಮುಗಿಯುವ ದಿನವೂ ಎಲ್ಲರಿಗೂ ಗೊತ್ತಿತ್ತು. ಈ ಎರಡನ್ನು ನೋಡಿಕೊಂಡರೆ ಸಾಕು, ಯಾವುದಕ್ಕೆ ಹೋಗಬೇಕು, ಯಾವುದಕ್ಕೆ ಹೋಗಬಾರದು ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ. ಸೇವೆ ಎಂಬ ಹೆಸರಿನ ಕೆಳಗೆ ದುಡಿತವನ್ನು ಅಗ್ಗವಾಗಿಸುವುದರಲ್ಲಿ ಸರ್ಕಾರವೂ ಹಿಂದೆ ಬಿದ್ದಿಲ್ಲ. 2005ರಲ್ಲಿ ಶುರುವಾದ ಗ್ರಾಮೀಣ ಆರೋಗ್ಯ ಅಭಿಯಾನದ ಆಶಾ ಕಾರ್ಯಕರ್ತೆಯರು ದಾಖಲೆಯಲ್ಲಿ ಇಂದಿಗೂ ಸ್ವಯಂಸೇವಕಿಯರು; ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಹೆರಿಗೆ ನೋವು ಎದ್ದ ರಾತ್ರಿ ಗುಡ್ಡ ಇಳಿದು ಹೋಗುವ ಹೆಂಗಸಿಗೆ ನಿಶ್ಚಿತ ಗೌರವಧನ ಕೊಡಿ ಎಂದು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಹಗಲು ರಾತ್ರಿ ಕೂರಬೇಕಾಯಿತು.

ಇನ್ನೂ ಒಂದು ಮಾತು, ಇದು ನನ್ನದೇ ತಪ್ಪಿನ ಕಥೆ. ಶಾಲೆಯ ಹಿಂಬದಿಯ ಅಡುಗೆ ಕೋಣೆಯಲ್ಲಿ ಆ ಮೂರು ವಾರವೂ ಹೊತ್ತಿಗೆ ಇನ್ನೂರು ಜನರಿಗೆ ಬೇಯಿಸಿದ ನಾಲ್ವರು ಹೆಂಗಸರಿದ್ದರು. ಅವರಲ್ಲಿ ಒಬ್ಬಳ ಮನೆ ಪೂರ್ತಿ ಮುಳುಗಿತ್ತು; ಬೆಳಿಗ್ಗೆ ಐದಕ್ಕೆ ಒಲೆ ಹಚ್ಚುತ್ತಿದ್ದವಳು ಅವಳೇ. ಒದ್ದೆ ಸೌದೆ, ಹೊಗೆ, ಸಾಲದ ಪಾತ್ರೆ. ಒಂದು ಹೊತ್ತೂ ಊಟ ತಡವಾಗಲಿಲ್ಲ. ಪೇಟೆಯಿಂದ ಫೋಟೊ ತೆಗೆಯಲು ಬಂದವರು ಹೊದಿಕೆ ಹಂಚುವವರ ಫೋಟೊ ತೆಗೆದರು, ವಹಿ ಹಿಡಿದ ನನ್ನದೂ ತೆಗೆದರು. ಅಡುಗೆ ಕೋಣೆಯೊಳಗೆ ಯಾರೂ ಹೋಗಲಿಲ್ಲ. ಮುಂದಿನ ವರ್ಷ ಹತ್ತಿರದ ಒಂದು ಹಾಸ್ಟೆಲ್ಲಿಗೆ ಅಡುಗೆಯವರು ಬೇಕಾದಾಗ, ನೆರೆಯ ಹೊತ್ತಿನಲ್ಲಿ ಯಾರೋ ಚೆನ್ನಾಗಿ ಮಾಡಿದ್ದರಂತಲ್ಲ, ಅವರ ಹೆಸರು ನಿಮ್ಮ ಪುಸ್ತಕದಲ್ಲಿರಬೇಕು ಎಂದು ಒಬ್ಬರು ನನ್ನನ್ನು ಕೇಳಿದರು. ವಹಿ ತೆಗೆದೆ. ಹೊದಿಕೆ ಪಡೆದವರ ಸಾಲಿನಲ್ಲಿ ಅವಳ ಗಂಡನ ಹೆಸರಿತ್ತು: ‘ನಾಲ್ಕು ಜನ, ಎರಡು ಹೊದಿಕೆ’. ಅವಳ ಹೆಸರು ಎಲ್ಲಿಯೂ ಇರಲಿಲ್ಲ. ಕೊಟ್ಟ ಪ್ರತಿಯೊಂದು ವಸ್ತುವನ್ನೂ ಬರೆದಿದ್ದ ನಾನು, ದುಡಿದ ಕೈಗಳನ್ನು ಬರೆದಿರಲಿಲ್ಲ. ಹುಡುಕಿಸಿ ಅವಳನ್ನು ತಲುಪುವಷ್ಟರಲ್ಲಿ ಹದಿನೈದು ದಿನ ಕಳೆದು ಆ ಜಾಗ ತುಂಬಿಹೋಗಿತ್ತು.

ಸೇವೆಯಿಂದ ಕೆಲಸ ಸಿಗುತ್ತದೆ ಎನ್ನುವಾಗ ಯಾರ ಸೇವೆ ಕಾಣುತ್ತದೆ ಎಂದು ನಾನು ಅಂದಿನಿಂದ ಕೇಳಿಕೊಳ್ಳುತ್ತೇನೆ. ವರಾಂಡದ ಕೆಲಸ ಕಾಣುತ್ತದೆ, ಹಿತ್ತಲಿನದು ಕಾಣುವುದಿಲ್ಲ. ದಿನಗೂಲಿಯವನು ಒಂದು ದಿನ ಸೇವೆಗೆ ಬಂದರೆ ಆ ದಿನದ ಅಕ್ಕಿ ಇಲ್ಲ. ಮೀನಿನ ಬುಟ್ಟಿ ಹೊತ್ತವಳು ಬುಟ್ಟಿ ಇಳಿಸಿ ಸಭೆಗೆ ಬಂದರೆ ಮೀನು ಹಾಳಾಗುತ್ತದೆ. ಮೂರು ವಾರ ಕೂರಲು ನನಗೆ ಸಾಧ್ಯವಾದದ್ದು ಮನೆಯಲ್ಲಿ ಇನ್ನೊಬ್ಬರ ಸಂಬಳ ಬರುತ್ತಿದ್ದುದರಿಂದ. ಇದನ್ನು ಮರೆತು, ಕೆಲಸ ಸಿಗದವರೆಲ್ಲ ಸೇವೆ ಮಾಡದ ಸೋಮಾರಿಗಳೆಂಬಂತೆ ಮಾತನಾಡುವುದು ನನಗೆ ಸರಿಕಾಣುವುದಿಲ್ಲ. ಪಂಚಾಯಿತಿಯೋ ಸಂಘವೋ ಜನರನ್ನು ಸೇವೆಗೆ ಕರೆಯುವಾಗ ಊಟ ಮತ್ತು ಬಸ್ಸಿನ ಖರ್ಚನ್ನಾದರೂ ಕೊಟ್ಟರೆ ಬರುವವರ ಮುಖಗಳೇ ಬದಲಾಗುತ್ತವೆ. ನಮ್ಮ ಸಂಘದಲ್ಲಿ ಎರಡು ಬಾರಿ ಹಾಗೆ ಮಾಡಿ ನೋಡಿದ್ದೇವೆ.

ನನ್ನನ್ನು ಕೇಳಲು ಬರುವ ಹುಡುಗಿಯರಿಗೆ ನಾನು ಹೇಳುವುದು ಹೆಚ್ಚೇನಿಲ್ಲ. ಹತ್ತು ಕಡೆ ಮುಖ ತೋರಿಸುವುದಕ್ಕಿಂತ ಒಂದು ಕಡೆ ಕಡೆಯ ದಿನದವರೆಗೂ ಇರಿ. ಶುರುವಿನಲ್ಲಿ ಜನ ಬಹಳ, ಪೆಂಡಾಲು ಬಿಚ್ಚುವಾಗ ಇರುವವರು ನಾಲ್ಕೇ ಮಂದಿ, ನೆನಪಿನಲ್ಲಿ ಉಳಿಯುವವರೂ ಆ ನಾಲ್ವರೇ. ಬೇರೆಯವರು ಬೇಡವೆನ್ನುವ ಕೆಲಸ ತೆಗೆದುಕೊಳ್ಳಿ, ಅದರಲ್ಲೂ ಲೆಕ್ಕದ ಕೆಲಸ, ಕೀಲಿಕೈಯ ಕೆಲಸ. ಕೊನೆಗೆ ಒಂದು ಪತ್ರ ಕೇಳಿ ಪಡೆಯಿರಿ. ‘ಸಮಾಜಮುಖಿ, ಉತ್ಸಾಹಿ’ ಎಂದಲ್ಲ, ಇಂತಿಂಥ ದಿನ, ಇಷ್ಟು ಗಂಟೆ, ಇಂಥ ಕೆಲಸ ಎಂದು ಬರೆಸಿ. ಕೇಳಲು ಸಂಕೋಚಪಡಬೇಡಿ. ನಮ್ಮ ಕಡೆ ಸೇವೆ ಮಾಡಿ ಪತ್ರ ಕೇಳುವುದನ್ನು ಸಣ್ಣತನವೆಂದು ನೋಡುವ ಅಭ್ಯಾಸವಿದೆ. ಹಾಗೆ ನೋಡುವವರಲ್ಲಿ ಕೆಲಸ ಹುಡುಕಬೇಕಾದ ಗರಜು ಇದ್ದವರನ್ನು ನಾನು ಕಂಡಿಲ್ಲ.

2021ರ ಜುಲೈನಲ್ಲಿ ಕಾಳಿ ಮತ್ತೆ ಉಕ್ಕಿತು. ಅದೇ ಶಾಲೆ, ಅದೇ ವರಾಂಡ. ಈ ಬಾರಿ ಕೊರೊನಾದ ಭಯವೂ ಜೊತೆಗಿತ್ತು. ಸಂಘಕ್ಕೆ ರಜೆ ಹಾಕಿ ಹೋದೆ. ಹಳೆಯ ವಹಿಯನ್ನೇ ತಿರುಗಿಸಿ, ಹಿಂದಿನ ರಟ್ಟಿನ ಕಡೆಯಿಂದ ಹೊಸ ಗೆರೆ ಎಳೆದೆ: ಹೆಸರು, ಮಾಡಿದ ಕೆಲಸ, ದಿನಗಳು. ಪಾತಿ ದೋಣಿಯಲ್ಲಿ ಮುದುಕರನ್ನು ದಾಟಿಸಿದ ಇಬ್ಬರು ಅಣ್ಣತಮ್ಮಂದಿರು, ಎಲ್ಲರ ಔಷಧದ ಚೀಟಿ ಓದಿ ವಿಂಗಡಿಸಿದ ಪಿಯುಸಿ ಹುಡುಗಿ, ಶೌಚಾಲಯ ತೊಳೆದವರು, ಬೇಯಿಸಿದವರು. ಆ ಪುಟವನ್ನು ನೋಡಿ ನಾನು ಇದುವರೆಗೆ ಐದು ಪತ್ರ ಬರೆದುಕೊಟ್ಟಿದ್ದೇನೆ. ಅವುಗಳಲ್ಲಿ ಮೂರು ಉಪಯೋಗಕ್ಕೆ ಬಂದಿವೆ. ದೋಣಿಯ ಅಣ್ಣತಮ್ಮಂದಿರಲ್ಲಿ ಕಿರಿಯವನು ಈಗ ಒಂದು ಪ್ರವಾಸಿ ದಂಡೆಯಲ್ಲಿ ಜೀವರಕ್ಷಕ.

ಅಡುಗೆಯವಳು ಆ ಬಾರಿಯೂ ಇದ್ದಳು. ಹೆಸರು ಬರೆಯುತ್ತಿದ್ದೇನೆಂದು ಯಾರೋ ಹೇಳಿರಬೇಕು. ಕೈ ಒರೆಸಿಕೊಂಡು ಬಂದು ಮೇಜಿನ ಪಕ್ಕ ನಿಂತಳು. ಅವಳ ಹೆಸರು, ‘ಅಡುಗೆ’, ‘ಹನ್ನೊಂದು ದಿನ’ ಎಂದು ಬರೆದು ತೋರಿಸಿದೆ. ಕನ್ನಡ ಓದಲು ಅವಳಿಗೆ ಸ್ವಲ್ಪ ಹೊತ್ತು ಬೇಕು. ಬೆರಳಿಟ್ಟು ಓದಿ ಮುಗಿಸಿ, ‘ಎಷ್ಟು ಜನಕ್ಕೆ ಅಂತಲೂ ಬರೀರಿ ಅಕ್ಕಾ’ ಎಂದಳು. ಎಷ್ಟು ಎಂದು ಕೇಳಿದೆ. ಅವಳಿಗೆ ಎಣಿಕೆ ಬಾಯಲ್ಲೇ ಇತ್ತು. ಜಾಗ ಸಾಲದೆ ಗೆರೆಯ ಹೊರಗೆ, ಅಂಚಿನಲ್ಲಿ ಬರೆದೆ: 180.